ಫ್ರೀಜರಲ್ಲಿ ಕಲ್ಲಾದ ಮನೆ ಕೋಳಿ ಮೊಟ್ಟೆ: ತಿನ್ನಬಹುದಾ, ಎಸೀಬೇಕಾ?

ಶ್ರಾವಣ ಬಂತು ಅಂತ ನಾವು ಮೊಟ್ಟೆ ಬಿಡ್ತೀವಿ, ಕೋಳಿಗೆ ಪಂಚಾಂಗ ಯಾರು ಓದಿ ಹೇಳ್ಬೇಕು, ಅದು ತನ್ನ ಪಾಡಿಗೆ ಇಡ್ತಾನೇ ಇರುತ್ತೆ. ಗೋವಾದ ಝುವಾರಿನಗರದಲ್ಲಿ ನಮಗೆ ಪರಿಚಯದ ಗದಗ ಕಡೆಯ ಅಕ್ಕಾರೊಬ್ಬರು ಹಿತ್ತಲಲ್ಲಿ ಐದು ಕೋಳಿ ಸಾಕಿದ್ದಾರೆ. ಶ್ರಾವಣ ಶುರುವಾದ ದಿನದಿಂದ ಚೌತಿ ಗಣಪತಿ ಕಳಿಸೋವರೆಗೆ ಅವರ ಮನೇಲಿ ಮೊಟ್ಟೆ ಒಡೆಯೋ ಹಾಗಿಲ್ಲ, ಅಕ್ಕಪಕ್ಕ ಕೊಡೋಣ ಅಂದ್ರೆ ಅಲ್ಲೂ ಅದೇ ಶ್ರಾವಣ, ಹಾಗಾಗಿ ದಿನಾ ಸಿಕ್ಕಿದ್ದನ್ನ ಒಂದು ಡಬ್ಬಿಗೆ ತುಂಬಿ ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿಟ್ಟುಬಿಟ್ರು. ಹಬ್ಬ ಮುಗಿಸಿ ತೆಗೆದು ನೋಡಿದ್ರೆ 26ರಲ್ಲಿ 11 ಉದ್ದಕ್ಕೆ ಸೀಳಿವೆ, ಉಳಿದಿದ್ದು ಗೋಲಿ ಥರ ಗಟ್ಟಿ. "ಇವನ್ನ ತಿನ್ನಬೌದೇನ್ರೀ, ಇಲ್ಲಾ ಒಗೀಲೇನ್ರೀ? ಜವಾರಿ ತತ್ತಿ ರೀ, ಒಗ್ಯಾಕ ಮನಸ ಬರಂಗಿಲ್ಲ" ಅಂತ ಫೋಟೋ ಕಳಿಸಿ ಕೇಳಿದ್ರು.

ಪ್ರಶ್ನೆ ಚಿಕ್ಕದು, ಆದ್ರೆ ಉತ್ತರ ಒಂದೇ ಮಾತಲ್ಲಿ ಮುಗಿಯಲ್ಲ. ಅವಸರದಲ್ಲಿರೋರಿಗೆ ಮೊದಲೇ ಹೇಳಿಬಿಡ್ತೀನಿ: ಸಿಪ್ಪೆ ಸೀಳಿದ್ದನ್ನ ಎಸೀರಿ. ಸೀಳದೆ ಉಳಿದಿದ್ದನ್ನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ನಿಧಾನಕ್ಕೆ ಕರಗಿಸಿ, ಪೂರ್ತಿ ಬೇಯಿಸಿ ತಿನ್ನಬಹುದು. ಹಾಫ್ ಬಾಯಿಲ್, ಬುಲ್ಸ್ ಐ ಆಸೆ ಬಿಡಿ. ಯಾಕೆ ಅಂತ ತಿಳ್ಕೊಳ್ಳೋ ವ್ಯವಧಾನ ಇರೋರು ಮುಂದೆ ಓದಿ.

ಮೊಟ್ಟೆ ಅಂದ್ರೆ ಬೀಗ ಹಾಕಿದ ಡಬ್ಬಿ ಅಲ್ಲ

ಮೊಟ್ಟೆ ಸಿಪ್ಪೆ ಕಲ್ಲಿನ ಥರ ಕಾಣುತ್ತೆ, ಅದು ಹೆಚ್ಚುಕಮ್ಮಿ ಪೂರಾ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸುಣ್ಣದಕಲ್ಲು, ಸಮುದ್ರದ ಚಿಪ್ಪು ಯಾವುದರಿಂದ ಆಗಿದ್ಯೋ ಅದೇ. ಆದ್ರೆ ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ಒಂದು ಮೊಟ್ಟೆಗೆ 7,000ದಿಂದ 17,000ದವರೆಗೆ. ಒಳಗೆ ಮರಿ ಬೆಳೆದ್ರೆ ಅದಕ್ಕೆ ಉಸಿರಾಡೋಕೆ ಗಾಳಿ ಬೇಕಲ್ಲ, ಅದಕ್ಕೇ ಈ ಏರ್ಪಾಡು. ಮಣ್ಣಿನ ಹೂಜಿ ನೆನಪಿಸ್ಕೊಳ್ಳಿ, ನೀರು ಸೋರಲ್ಲ ಆದ್ರೂ ಹೊರಗೆ ತೇವ ಆಡುತ್ತೆ, ಹಾಗೆ.

ರಂಧ್ರ ಇದ್ರೆ ಕ್ರಿಮಿ ಒಳಗೆ ಹೋಗಲ್ವಾ? ಅದಕ್ಕೆ ಕೋಳಿ ಮೂರು ಕಾವಲು ಇಟ್ಟಿದೆ. ಮೊಟ್ಟೆ ಹೊರಗೆ ಬರೋ ಹೊತ್ತಿಗೆ ಸಿಪ್ಪೆ ಮೇಲೆ ಒಂದು ತೆಳು ಲೇಪ ಬಳಿದು ಕಳಿಸುತ್ತೆ. ಈಗಷ್ಟೇ ಇಟ್ಟ ಮೊಟ್ಟೆ ಮುಟ್ಟಿದೋರಿಗೆ ಆ ಒದ್ದೆ ಹೊಳಪು ಗೊತ್ತು, ನಿಮಿಷದೊಳಗೆ ಒಣಗಿ ರಂಧ್ರಗಳ ಬಾಯಿ ಮುಚ್ಚುತ್ತೆ. ಸಿಪ್ಪೆ ಒಳಗಡೆ ಎರಡು ಪೊರೆ, ಬೇಯಿಸಿದ ಮೊಟ್ಟೆ ಸುಲಿಯುವಾಗ ಬೆರಳಿಗೆ ಅಂಟಿಕೊಂಡು ಕಾಡುತ್ತಲ್ಲ, ಅದೇ. ಮೂರನೇದು ಬಿಳಿ ಭಾಗ. ಅದರಲ್ಲಿ ಲೈಸೋಜೈಮ್ ಅನ್ನೋ ವಸ್ತು ಇದೆ, ಕೆಲವು ಬ್ಯಾಕ್ಟೀರಿಯಾದ ಗೋಡೆಯನ್ನೇ ಒಡೆದು ಹಾಕುತ್ತೆ. ನಮ್ಮ ಕಣ್ಣೀರು, ಜೊಲ್ಲಿನಲ್ಲೂ ಅದು ಇದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮುಂಚೆ, 1922ರಲ್ಲಿ, ಈ ಲೈಸೋಜೈಮ್ ಬಗ್ಗೆ ಬರೆದಿದ್ರು.

ನಮ್ಮ ಕಡೆ ಕಿರಾಣಿ ಅಂಗಡೀಲಿ ಮೊಟ್ಟೆ ಟ್ರೇ ಹೊರಗೇ ಇಟ್ಟಿರ್ತಾರಲ್ಲ, ಅಷ್ಟರ ಮಟ್ಟಿಗೆ ಅದು ನಡೆಯೋದು ಈ ಕಾವಲುಗಳಿಂದಾನೇ. ಅಮೆರಿಕಾದಲ್ಲಿ ಫಾರಂ ಮೊಟ್ಟೆ ತೊಳೆದೇ ಮಾರ್ತಾರೆ, ಲೇಪ ಹೋಗಿರುತ್ತೆ, ಅದಕ್ಕೆ ಅಲ್ಲಿ ಫ್ರಿಜ್ ಕಡ್ಡಾಯ. ಯುರೋಪಿನಲ್ಲಿ ಮೊದಲ ದರ್ಜೆ ಮೊಟ್ಟೆ ತೊಳೆಯೋ ಹಾಗಿಲ್ಲ. ಎರಡೂ ಕಡೆಯವರು ತಮ್ಮದೇ ಸರಿ ಅಂತಾರೆ, ಅದು ಬೇರೆ ಜಗಳ.

ಐಸ್ ಆದಾಗ ಒಳಗೆ ಏನಾಗುತ್ತೆ

ಮೊಟ್ಟೆಯ ಬಿಳಿ ಭಾಗದಲ್ಲಿ ನೂರಕ್ಕೆ 88ರಷ್ಟು ನೀರೇ. ಹಳದಿಯಲ್ಲಿ ಸುಮಾರು ಅರ್ಧ ನೀರು, ಉಳಿದಿದ್ದು ಕೊಬ್ಬು ಮತ್ತೆ ಪ್ರೋಟೀನ್. ಸೊನ್ನೆ ಡಿಗ್ರಿಗಿಂತ ಅರ್ಧ ಡಿಗ್ರಿ ಕೆಳಗೆ ಹೋದ್ರೆ ಸಾಕು, ಬಿಳಿ ಹೆಪ್ಪುಗಟ್ಟೋಕೆ ಶುರು. ಮನೆ ಫ್ರೀಜರ್ ಸರಿಯಾಗಿ ಓಡ್ತಿದ್ರೆ ಮೈನಸ್ 18ರ ಆಸುಪಾಸು ಇರುತ್ತೆ, ಅಲ್ಲಿ ಮೊಟ್ಟೆ ಬಹಳ ಹೊತ್ತು ತಡೆಯಲ್ಲ.

ನೀರು ಐಸ್ ಆದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ. ಬೇಗ ತಣ್ಣಗಾಗಲಿ ಅಂತ ಗಾಜಿನ ಸೋಡಾ ಬಾಟಲಿ ಫ್ರೀಜರಿಗೆ ಹಾಕಿ ಮರೆತವರಿಗೆ ಈ ಪಾಠ ಬೇರೆ ಹೇಳಬೇಕಿಲ್ಲ, ಬೆಳಿಗ್ಗೆ ಗಾಜಿನ ಚೂರು ಆಯ್ದಿರ್ತಾರೆ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಚೀಲ ಇದೆ, ಹಿಗ್ಗಿದ್ದು ಸ್ವಲ್ಪ ಅಲ್ಲಿಗೆ ಜರುಗುತ್ತೆ. ಮೊಟ್ಟೆ ಹಳೇದಾದಷ್ಟೂ ಒಳಗಿನ ನೀರು ರಂಧ್ರದಿಂದ ಆವಿಯಾಗಿ ಆ ಚೀಲ ದೊಡ್ಡದಾಗ್ತಾ ಹೋಗುತ್ತೆ. ತಾಜಾ ಮೊಟ್ಟೆಯಲ್ಲಿ ಅದು ಚಿಕ್ಕದು, ಜಾಗ ಸಾಲಲ್ಲ, ಸಿಪ್ಪೆ ಸೀಳುತ್ತೆ. ಸಿಪ್ಪೆ ದಪ್ಪ ಎಷ್ಟು, ಮೊದಲೇ ಕೂದಲೆಳೆ ಬಿರುಕು ಇತ್ತಾ, ಎಷ್ಟು ಬೇಗ ಹೆಪ್ಪುಗಟ್ಟಿತು ಅನ್ನೋದೂ ಸೇರುತ್ತೆ. ಅದಕ್ಕೇ ಒಂದೇ ಡಬ್ಬಿಯಲ್ಲಿ 11 ಸೀಳಿ 15 ಉಳಿದಿದ್ದು.

ಆ 15ನ್ನೂ ಕಣ್ಣುಮುಚ್ಚಿ ನಂಬಬೇಡಿ. ಗಟ್ಟಿ ಇರೋವಾಗ ಬಿರುಕಿನ ಬಾಯಿ ಐಸೇ ಮುಚ್ಚಿರುತ್ತೆ, ಕರಗಿದ ಮೇಲೆ ಬಿಳಿ ಜಿನುಗಿದಾಗಲೇ ಗೊತ್ತಾಗೋದು. ಮೇಲಿನ ಹಿಮ ಒಣ ಬಟ್ಟೆಯಲ್ಲಿ ಒರೆಸಿ, ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ತಿರುಗಿಸಿ, ಬಿರುಕಿದ್ರೆ ಬೆಳಕಿನ ಗೆರೆ ಥರ ಹೊಳೆಯುತ್ತೆ. ಕಾವಿಗೆ ಇಟ್ಟ ಮೊಟ್ಟೆಯಲ್ಲಿ ಮರಿ ಕಟ್ಟಿದ್ಯಾ ಅಂತ ಹಳ್ಳೀಲಿ ಬೆಳಕಿಗೆ ಹಿಡಿದು ನೋಡ್ತಾರಲ್ಲ, ಅದೇ ಉಪಾಯ.

ಚಳಿಗೆ ಕ್ರಿಮಿ ಸಾಯಲ್ವಾ?

ಇಲ್ಲಿ ಬಹಳ ಜನ ಎಡವ್ತಾರೆ. ಫ್ರೀಜರಲ್ಲಿಟ್ರೆ ಎಲ್ಲ ಸತ್ತು ಶುದ್ಧ ಆಗುತ್ತೆ ಅನ್ನೋ ನಂಬಿಕೆ ಇದೆ. ಆಗಲ್ಲ. ಒಂದಿಷ್ಟು ಸಾಯ್ತವೆ ನಿಜ, ಉಳಿದವು ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರಲ್ಲಿ ಕಪ್ಪೆ ಮಲಗಿದ ಹಾಗೆ ಮಲಗಿರ್ತವೆ. ಮಳೆ ಬಿದ್ದ ಕೂಡಲೇ ಕಪ್ಪೆ ಎದ್ದು ವಟಗುಟ್ಟೋದು, ಮೊಟ್ಟೆ ಕರಗಿದ ಕೂಡಲೇ ಕ್ರಿಮಿ ಎದ್ದು ಬೆಳೆಯೋದು, ಎರಡೂ ಒಂದೇ ಲೆಕ್ಕ.

ಮೊಟ್ಟೆ ವಿಷಯದಲ್ಲಿ ಮುಖ್ಯ ಕ್ರಿಮಿ ಸಾಲ್ಮೊನೆಲ್ಲಾ. ಇದು ಕೋಳಿಯ ಕರುಳಲ್ಲಿ ಇರಬಹುದು, ಕೋಳಿ ಮಾತ್ರ ಆರಾಮಾಗಿ ಓಡಾಡ್ಕೊಂಡಿರುತ್ತೆ, ನೋಡಿದ್ರೆ ಗೊತ್ತಾಗಲ್ಲ. ಮೊಟ್ಟೆಗೆ ಇದು ಎರಡು ದಾರಿಯಲ್ಲಿ ಬರುತ್ತೆ. ಒಂದು, ಹಿಕ್ಕೆ ತಾಗಿ ಸಿಪ್ಪೆ ಮೇಲೆ. ಇನ್ನೊಂದು, ಸಾಲ್ಮೊನೆಲ್ಲಾದ ಒಂದು ಜಾತಿ ಕೋಳಿಯ ಅಂಡಾಶಯಕ್ಕೇ ಸೇರ್ಕೊಂಡು ಸಿಪ್ಪೆ ಕಟ್ಟೋ ಮುಂಚೆಯೇ ಒಳಗೆ ಕೂತಿರುತ್ತೆ, ಆಗ ಹೊರಗೆ ಎಷ್ಟು ಉಜ್ಜಿದ್ರೂ ಪ್ರಯೋಜನ ಇಲ್ಲ. ಎರಡನೇದು ಅಪರೂಪ, ಆದ್ರೆ ಇದೆ.

ಹೊಟ್ಟೆಗೆ ಹೋದ್ರೆ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆ ಕಿವುಚೋದು. ಹೆಚ್ಚಿನವರು ನಾಲ್ಕರಿಂದ ಏಳು ದಿನದಲ್ಲಿ ಸುಧಾರಿಸ್ಕೋತಾರೆ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಕ್ಯಾನ್ಸರ್ ಗಿನ್ಸರ್ ಅಂತ ಔಷಧಿ ನಡೀತಿರೋರಿಗೆ ಅದು ಇಷ್ಟಕ್ಕೇ ನಿಲ್ಲದೆ ಹೋಗಬಹುದು, ಅವರಿಗೆ ಈ ಫ್ರೀಜರ್ ಮೊಟ್ಟೆ ಕೊಡದಿರೋದೇ ವಾಸಿ ಅನ್ನೋದು ನನ್ನ ಲೆಕ್ಕ.

ಫ್ರೀಜರೊಳಗೆ ಇರೋವರೆಗೆ ಕ್ರಿಮಿ ಬೆಳೆಯಲ್ಲ, ಆದ್ರೆ 4ರಿಂದ 60 ಡಿಗ್ರಿ ಮಧ್ಯೆ ಬಂದಾಗ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಗೋವಾದ ಅಡುಗೆಮನೆ ಕಟ್ಟೆ ಮೇಲೆ ಆಗಸ್ಟಿನಲ್ಲೂ 28, 29 ಇರುತ್ತೆ. ಅನುಕೂಲ ಆದ ಜಾಗದಲ್ಲಿ ಅವು 20 ನಿಮಿಷಕ್ಕೊಮ್ಮೆ ಇಮ್ಮಡಿ ಆಗಬಲ್ಲವು, ಅಂದ್ರೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಏಳು ಗಂಟೆಯಲ್ಲಿ ಇಪ್ಪತ್ತು ಲಕ್ಷ. ರಾತ್ರಿ ಕಟ್ಟೆ ಮೇಲೆ ಕರಗೋಕೆ ಇಟ್ಟು ಬೆಳಿಗ್ಗೆ ಆಮ್ಲೆಟ್ ಮಾಡೋಣ ಅಂದ್ಕೊಂಡವರು ಈ ಲೆಕ್ಕ ಒಮ್ಮೆ ನೋಡಲಿ.

ಸೀಳಿದ್ದನ್ನ ಯಾಕೆ ಎಸೆಯೋಕೆ ಹೇಳೋದು ಅಂತ ಈಗ ಗೊತ್ತಾಯ್ತಲ್ಲ. ಫ್ರೀಜರ್ ಕ್ರಿಮಿ ಕೊಲ್ಲಲ್ಲ, ಮೇಲಿಂದ ಮೂರು ಕಾವಲಲ್ಲಿ ಎರಡನ್ನ ಮುರಿದು ಹಾಕಿರುತ್ತೆ. ಸಿಪ್ಪೆ ಸೀಳಿದ ಜಾಗದಲ್ಲಿ ಲೇಪ ಇಲ್ಲ, ಪೊರೆಯೂ ಹರಿದಿರುತ್ತೆ, ಹೊರಗಿನ ಹಿಕ್ಕೆ ಧೂಳು ಕರಗುವಾಗ ಸೀದಾ ಒಳಗೆ. ಅದೇ ಖಾನೆಯಲ್ಲಿ ಶ್ರಾವಣಕ್ಕೆ ಮುಂಚೆ ಇಟ್ಟ ಬಾಂಗ್ಡಾ ಮೀನಿನ ಪ್ಯಾಕೆಟ್ ಸೋರಿದ್ರೆ ಅದೂ ಸೇರಿತು.

ಪೊರೆ ಹರಿದಿಲ್ಲ ಅಂದ್ರೆ ತಿನ್ನಬಹುದು ಅನ್ನೋ ಕೋಳಿ ಸಾಕೋ ಜನ ಚಳಿ ದೇಶಗಳಲ್ಲಿ ಇದ್ದಾರೆ. ಅಲ್ಲಿನ ಸರ್ಕಾರಿ ಆಹಾರ ಇಲಾಖೆಗಳು ಮಾತ್ರ ಒಂದೇ ಮಾತು ಹೇಳ್ತವೆ, ಸಿಪ್ಪೆ ಒಡೆದಿದ್ರೆ ಎಸೀರಿ. ಸುರಕ್ಷಿತ ಉತ್ತರ ಅದೇ.

ಮನೆ ಕೋಳಿ ಅಂದ್ಮೇಲೆ ಭಯ ಯಾಕೆ?

ಜವಾರಿ ತತ್ತಿ, ನಾಟಿ ಮೊಟ್ಟೆ, ಪುಣೆ ಕಡೆ ಗಾವರಾನ್, ಗೋವಾದಲ್ಲಿ ಗಾಂವ್ಟಿ, ಹೆಸರು ಯಾವುದಾದ್ರೂ ಇರಲಿ, ಮನೆ ಅಂಗಳದ್ದು ಅಂದ ಕೂಡಲೇ ಜನ ಎರಡು ರೂಪಾಯಿ ಹೆಚ್ಚು ಕೊಡೋಕೆ ತಯಾರು. ರುಚಿ ವಿಷಯದಲ್ಲಿ ನಾನು ವಾದಕ್ಕೆ ಬರಲ್ಲ. ಕ್ರಿಮಿ ವಿಷಯಕ್ಕೆ ಬಂದ್ರೆ ಮನೆ ಕೋಳಿಗೂ ಸಾಲ್ಮೊನೆಲ್ಲಾ ಇರಬಹುದು, ಫಾರಂ ಕೋಳಿಗೂ ಇರಬಹುದು. ಫಾರಂ ಕೋಳಿ ಪಂಜರದಲ್ಲಿ ನಿಂತು ಇಟ್ಟ ಮೊಟ್ಟೆ ಉರುಳಿ ಮುಂದೆ ಬರುತ್ತೆ, ಹಿಕ್ಕೆ ಕೆಳಗೆ ಬೀಳುತ್ತೆ. ನಮ್ಮ ಕೋಳಿ ತಿಪ್ಪೆ ಕೆದರಿ, ಗಟಾರದಲ್ಲಿ ಕಾಲಿಟ್ಟು, ಅದೇ ಕಾಲಲ್ಲಿ ಬುಟ್ಟಿ ಹತ್ತಿ ಕೂರುತ್ತೆ. ಮಳೆಗಾಲದಲ್ಲಂತೂ ಗೂಡಿನ ಹುಲ್ಲು ಒಣಗೋದೇ ಇಲ್ಲ. ಒದ್ದೆ ಸಿಪ್ಪೆ ಮೇಲೆ ಕೊಳೆ ಇದ್ರೆ ಕ್ರಿಮಿಗೆ ಆ ರಂಧ್ರಗಳೊಳಗೆ ದಾರಿ ಸುಲಭ.

ಹಾಗಂತ ತಣ್ಣೀರಲ್ಲಿ ತೊಳೆದು ಒಳಗಿಡ್ತೀನಿ ಅಂದ್ರೆ ಅದು ಇನ್ನೊಂದು ತಪ್ಪು. ಮೊಟ್ಟೆ ಬೆಚ್ಚಗಿದ್ದು ನೀರು ತಣ್ಣಗಿದ್ರೆ ಒಳಗಿನದು ಕುಗ್ಗುತ್ತೆ, ಕುಗ್ಗಿದಾಗ ಹೊರಗಿನ ಕೊಳೆನೀರನ್ನ ರಂಧ್ರದ ಮೂಲಕ ಎಳ್ಕೊಳ್ಳುತ್ತೆ. ಒಣಗಿದ ಕೊಳೆ ಸ್ವಲ್ಪ ಇದ್ರೆ ಒಣ ಬಟ್ಟೆಯಿಂದ ಒರೆಸಿ. ತೊಳೆಯಲೇಬೇಕು ಅಂದ್ರೆ ಮೊಟ್ಟೆಗಿಂತ ಬೆಚ್ಚಗಿರೋ ನೀರಲ್ಲಿ ತೊಳೆದು, ಒರೆಸಿ, ಆಗಲೇ ಅಡುಗೆಗೆ ಹಾಕಿ, ಇಡೋಕೆ ಹೋಗ್ಬೇಡಿ. ಹಿಕ್ಕೆ ಮೆತ್ತಿಕೊಂಡು ಕೂತಿರೋ ಮೊಟ್ಟೆಯನ್ನ ಫ್ರೀಜರಿಗೆ ಕಳಿಸೋದಂತೂ ಬೇಡವೇ ಬೇಡ. ಫ್ರೀಜರಿಂದ ಹೊರಗೆ ಬರೋದು ಒಳಗೆ ಹೋಗಿದ್ದಕ್ಕಿಂತ ಯಾವತ್ತೂ ಚೊಕ್ಕ ಇರಲ್ಲ.

ಚಳಿಗೂ ಒಲೆಗೂ ಎರಡಕ್ಕೂ ಬಗ್ಗದ ಇನ್ನೊಂದು ಸಂಗತಿ ಇದೆ, ಸೀಸ. ಹಳೇ ಬಣ್ಣದ ಚಕ್ಕೆ ಉದುರಿರೋ ಗೋಡೆ ಬುಡ, ಹಳೇ ಬ್ಯಾಟರಿ ಒಡೆದಿರೋ ಗ್ಯಾರೇಜ್ ಹಿಂದಿನ ಮಣ್ಣು, ಇಂಥ ಕಡೆ ಕೆದರೋ ಕೋಳಿಯ ಹೊಟ್ಟೆಗೆ ಸೀಸ ಹೋಗಿ ಮೊಟ್ಟೆಯ ಹಳದಿಗೆ ಬರಬಹುದು. ನ್ಯೂಯಾರ್ಕ್, ಸಿಡ್ನಿಯಂಥ ಊರುಗಳ ಹಿತ್ತಲ ಕೋಳಿ ಮೊಟ್ಟೆಯಲ್ಲಿ ಇದನ್ನ ಅಳೆದು ನೋಡಿದ್ದಾರೆ. ನಿಮ್ಮ ಕೋಳಿ ಎಲ್ಲಿ ಮೇಯುತ್ತೆ ಅಂತ ಒಂದು ಸಲ ಹಿಂದೆ ಹಿಂದೆ ಹೋಗಿ ನೋಡಿ, ಅಷ್ಟೇ.

ಹಕ್ಕಿಜ್ವರದ ಪ್ರಶ್ನೆಯೂ ಬರುತ್ತೆ. ನಮ್ಮ ದೇಶದಲ್ಲಿ ಅದು ಮೊದಲು ಕಂಡಿದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಆ ವೈರಸ್ಸೂ ಫ್ರೀಜರಲ್ಲಿ ಸಾಯಲ್ಲ, ಎಲ್ಲ ಕಡೆ 70 ಡಿಗ್ರಿ ತಾಗೋ ಹಾಗೆ ಬೇಯಿಸಿದ್ರೆ ಸಾಯುತ್ತೆ. ಆದ್ರೆ ಕೋಳಿ ಇದ್ದಕ್ಕಿದ್ದ ಹಾಗೆ ಸಾಯ್ತಾ ಇರೋ ಮನೆಯ ಮೊಟ್ಟೆಯನ್ನ ಬೇಯಿಸಿ ತಿನ್ನೋ ಪ್ರಯೋಗ ಮಾಡ್ಬೇಡಿ, ಪಶು ಆಸ್ಪತ್ರೆಗೆ ಹೇಳಿ.

ಸೀಳದ ಮೊಟ್ಟೆ ಕರಗಿಸೋದು, ಬೇಯಿಸೋದು

ಯಾವತ್ತು ಬೇಕೋ ಅದರ ಹಿಂದಿನ ರಾತ್ರಿ ಬೇಕಾದಷ್ಟನ್ನೇ ತೆಗೆದು, ಒಂದೊಂದನ್ನ ಒಂದೊಂದು ಬಟ್ಟಲಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಬೇರೆ ಬೇರೆ ಬಟ್ಟಲು ಯಾಕಂದ್ರೆ ಒಂದು ಸೋರಿದ್ರೆ ಇನ್ನೊಂದಕ್ಕೆ ಮೆತ್ತಬಾರದು, ಯಾವುದು ಸೋರ್ತು ಅಂತಲೂ ತಿಳೀಬೇಕು. ಬೆಳಿಗ್ಗೆ ಬಟ್ಟಲಲ್ಲಿ ನೀರ್‌ನೀರು ಕಂಡ್ರೆ ಆ ಮೊಟ್ಟೆ ಕಸಕ್ಕೆ. ಬೇಗ ಆಗ್ಲಿ ಅಂತ ಬಿಸಿನೀರಲ್ಲಿ ಮುಳುಗಿಸೋದು, ಕಲ್ಲಿನಂಥ ಮೊಟ್ಟೆಯನ್ನ ಹಾಗೇ ಕುದಿಯೋ ನೀರಿಗೆ ಬಿಡೋದು ಬೇಡ, ಸಿಪ್ಪೆ ಪಟ್ ಅಂತ ಒಡೆಯುತ್ತೆ, ಹೊರಗೆ ಬೆಂದು ನಡುವೆ ತಣ್ಣಗೇ ಉಳಿಯುತ್ತೆ. ಕರಗಿದ್ದನ್ನ ಆ ದಿನವೇ ಮುಗಿಸಿ, ವಾಪಸ್ ಫ್ರೀಜರಿಗೆ ಕಳಿಸ್ಬೇಡಿ.

ಒಡೆದಾಗ ಒಂದು ವಿಚಿತ್ರ ಕಾಣುತ್ತೆ. ಬಿಳಿ ಸ್ವಲ್ಪ ತೆಳ್ಳಗಾಗಿರುತ್ತೆ, ಮಿಕ್ಕಂತೆ ಮೊದಲಿನ ಹಾಗೇ. ಹಳದಿ ಮಾತ್ರ ಹರಿಯಲ್ಲ, ಗಟ್ಟಿ ಶ್ರೀಖಂಡದ ಥರ ಮುದ್ದೆಯಾಗಿ ಕೂತಿರುತ್ತೆ. ಕೆಟ್ಟಿದೆ ಅಂತ ಹೆದರಬೇಡಿ. ಹಳದಿಯಲ್ಲಿ ಕೊಬ್ಬು ಮತ್ತು ಪ್ರೋಟೀನ್ ಒಂದನ್ನೊಂದು ಸುತ್ತಿಕೊಂಡ ಸಣ್ಣ ಸಣ್ಣ ಉಂಡೆಗಳಿರ್ತವೆ, ನೀರಿನಲ್ಲಿ ಬೇರೆ ಬೇರೆಯಾಗಿ ತೇಲ್ತಾ ಇರ್ತವೆ. ಮೈನಸ್ 6 ಡಿಗ್ರಿಗಿಂತ ಕೆಳಗೆ ಹೋದ್ರೆ ನೀರಿನ ಬಹುಪಾಲು ಐಸಾಗಿ ಬೇರೆ ಆಗುತ್ತೆ, ಆ ಉಂಡೆಗಳು ಒತ್ತೊತ್ತಾಗಿ ಸೇರಿ ಒಂದಕ್ಕೊಂದು ಅಂಟಿಕೊಳ್ತವೆ. ಆಮೇಲೆ ಕರಗಿಸಿದ್ರೂ ಬಿಡಿಸ್ಕೊಳ್ಳಲ್ಲ. ಒಡೆದ ಹಾಲನ್ನ ಮತ್ತೆ ಹಾಲು ಮಾಡೋಕಾಗಲ್ವಲ್ಲ, ಹಾಗೆ.

ಇದರಲ್ಲಿ ಒಂದು ಮೋಸ ಅಡಗಿದೆ, ಬಹಳ ಜನರ ಗಮನಕ್ಕೆ ಬರಲ್ಲ. ಮೊಟ್ಟೆ ಬೆಂದಿದ್ಯಾ ಅಂತ ನಾವು ನೋಡೋದು ಹಳದಿ ಗಟ್ಟಿ ಆಗಿದ್ಯಾ ಅಂತ. ತಾಜಾ ಮೊಟ್ಟೆಗೆ ಆ ಪರೀಕ್ಷೆ ಒಳ್ಳೇದೇ, ಯಾಕಂದ್ರೆ ಹಳದಿ ಪೂರ್ತಿ ಗಟ್ಟಿ ಆಗೋದು 70 ಡಿಗ್ರಿ ಹತ್ತಿರ, ಸಾಲ್ಮೊನೆಲ್ಲಾ ಸಾಯೋಕೆ ಹೇಳೋ ಲೆಕ್ಕ 71 ಡಿಗ್ರಿ. ಫ್ರೀಜರ್ ಮೊಟ್ಟೆಯಲ್ಲಿ ಹಳದಿ ಹಸಿಯಾಗಿದ್ದಾಗಲೇ ಗಟ್ಟಿ ಇರುತ್ತೆ! ಬಾಣಲೆಯಲ್ಲಿ ಒಡೆದು ಹಾಕಿ ಎರಡು ನಿಮಿಷಕ್ಕೆ ನೋಡಿದ್ರೆ ಬೆಂದ ಹಾಗೇ ಕಾಣುತ್ತೆ, ಬೆಂದಿರಲ್ಲ. ಅದಕ್ಕೇ ಇದನ್ನ ಇಡಿಯಾಗಿ ಕರಿಯೋ ಬದಲು ಚೆನ್ನಾಗಿ ಜಜ್ಜಿ ಕಲಸಿ ಬುರ್ಜಿ ಮಾಡಿ, ಒದ್ದೆ ಒಂಚೂರೂ ಇಲ್ಲದ ಹಾಗೆ ಹುರಿಯಿರಿ. ಇಲ್ಲಾಂದ್ರೆ ಪೂರ್ತಿ ಕರಗಿದ ಮೇಲೆ ಸಿಪ್ಪೆ ಸಮೇತ ಕುದಿಯೋ ನೀರಲ್ಲಿ 12 ನಿಮಿಷ ಬಿಡಿ. ಗೋವಾದ ರಸ್ ಆಮ್ಲೆಟ್ ಕೂಡ ನಡೆಯುತ್ತೆ, ಆದ್ರೆ ಮೇಲೆ ಸುರಿಯೋ ಶಾಕುತಿ ರಸ, ಅಂದ್ರೆ ಕಾಯಿ ಮಸಾಲೆ ಸಾರು, ಬಿಸಿ ಇದೆ ಅಂತ ಆಮ್ಲೆಟ್ ಅರೆಬರೆ ತೆಗೀಬೇಡಿ. ಮೇಯೊನೀಸ್, ಹಸಿ ಮೊಟ್ಟೆ ಹಾಕೋ ಪುಡ್ಡಿಂಗ್, ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯೋ ಪೈಲ್ವಾನ್ ಪದ್ಧತಿ, ಇವಕ್ಕೆಲ್ಲ ಈ ಮೊಟ್ಟೆ ಆಗಲ್ಲ.

ಕರೆಂಟ್ ಹೋಗಿತ್ತಾ?

ಮಳೆಗಾಲದ ಗೋವಾದಲ್ಲಿ ಈ ಪ್ರಶ್ನೆ ಕೇಳದೆ ಮುಂದೆ ಹೋಗೋ ಹಾಗಿಲ್ಲ. ತೆಂಗಿನ ಗರಿ ತಂತಿ ಮೇಲೆ ಬಿತ್ತು ಅಂದ್ರೆ ಅರ್ಧ ದಿನ ಕತ್ತಲೆ. ತುಂಬಿದ ದೊಡ್ಡ ಫ್ರೀಜರ್ ಬಾಗಿಲು ತೆಗೀದೆ ಇದ್ರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತೆ ಅನ್ನೋ ಲೆಕ್ಕ ಇದೆ. ಅದು ಗಟ್ಟಿಮುಟ್ಟಾದ ಫ್ರೀಜರಿಗೆ, ನಮ್ಮ ಸಿಂಗಲ್ ಡೋರ್ ಫ್ರಿಜ್ಜಿನ ತೆಳು ಮುಚ್ಚಳದ ಐಸ್ ಖಾನೆಯಿಂದ ಅಷ್ಟು ನಿರೀಕ್ಷೆ ಇಟ್ಕೋಬೇಡಿ. ಗೊತ್ತಾಗದೆ ಕರಗಿ ಮತ್ತೆ ಗಟ್ಟಿ ಆಗಿದ್ರೆ ಮೊಟ್ಟೆ ನೋಡಿದ್ರೆ ತಿಳಿಯಲ್ಲ. ಒಂದು ಸುಲಭ ಗುರುತು ಇಟ್ಕೊಳ್ಳಿ, ಚಿಕ್ಕ ಲೋಟದಲ್ಲಿ ನೀರು ಐಸ್ ಮಾಡಿ ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಲ್ಲೇ ಬಿಡಿ. ಊರಿಂದ ಬಂದು ನೋಡಿದಾಗ ನಾಣ್ಯ ಐಸಿನ ತಳಕ್ಕೆ ಇಳಿದಿದ್ರೆ ನೀವಿಲ್ಲದಾಗ ಎಲ್ಲ ಕರಗಿತ್ತು ಅಂತ ಅರ್ಥ, ಮೊಟ್ಟೆಯೊಂದೇ ಅಲ್ಲ, ಮೀನೂ ಕಸಕ್ಕೆ.

ಇಡಲೇಬೇಕು ಅಂದ್ರೆ ಒಡೆದು ಇಡಿ

ಮೊಟ್ಟೆಯನ್ನ ಫ್ರೀಜರಲ್ಲಿ ಇಡೋದೇ ತಪ್ಪು ಅಂತಲ್ಲ, ಸಿಪ್ಪೆ ಸಮೇತ ಇಡೋದು ತಪ್ಪು. ದೊಡ್ಡ ಬೇಕರಿಗಳಿಗೆ ಒಡೆದ ಮೊಟ್ಟೆ ಹೆಪ್ಪುಗಟ್ಟಿಸಿದ ಡಬ್ಬಗಳಲ್ಲೇ ಬರೋದುಂಟು, ಅದನ್ನ ಪಾಶ್ಚರೀಕರಿಸಿ, ಅಂದ್ರೆ ಮೊಟ್ಟೆ ಹೆಪ್ಪಾಗದಷ್ಟು ಹದವಾಗಿ ಕಾಯಿಸಿ ಕ್ರಿಮಿ ಕೊಂದು, ಆಮೇಲೆ ತಣ್ಣಗೆ ಮಾಡಿರ್ತಾರೆ. ಮನೇಲಿ ಆ ಕಾಯಿಸೋ ಹಂತ ಆಗಲ್ಲ, ಉಳಿದಿದ್ದು ಆಗುತ್ತೆ.

ತಾಜಾ, ಚೊಕ್ಕ ಮೊಟ್ಟೆಗಳನ್ನ ಒಂದೊಂದಾಗಿ ಮೊದಲು ಚಿಕ್ಕ ಬಟ್ಟಲಿಗೆ ಒಡೆದು ನೋಡಿ ದೊಡ್ಡ ಪಾತ್ರೆಗೆ ಹಾಕ್ತಾ ಹೋಗಿ, ಒಂದು ಕೊಳೆತದ್ದಿದ್ರೆ ಎಲ್ಲ ಹಾಳಾಗಬಾರದು. ನೊರೆ ಬರಿಸದೆ ಬಿಳಿ ಹಳದಿ ಬೆರೆಯೋ ಹಾಗೆ ಕಲಸಿ. ಒಂದು ಕಪ್ಪಿಗೆ ಅರ್ಧ ಚಮಚ ಉಪ್ಪು, ಅಥವಾ ಕೇಕಿಗೆ ಬೇಕಿದ್ರೆ ಒಂದು ದೊಡ್ಡ ಚಮಚ ಸಕ್ಕರೆ ಸೇರಿಸಿದ್ರೆ ಹಳದಿ ಮುದ್ದೆ ಆಗೋದು ತಪ್ಪುತ್ತೆ, ಉಪ್ಪು ಸಕ್ಕರೆ ಇದ್ದಾಗ ಅಷ್ಟೂ ನೀರು ಐಸಾಗಲ್ಲ, ಉಂಡೆಗಳು ಅಂಟಿಕೊಳ್ಳಲ್ಲ. ಐಸ್ ಟ್ರೇಯಲ್ಲಿ ಹುಯ್ದು ಗಟ್ಟಿ ಆದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ತಾರೀಖು ಬರೆದು, ಉಪ್ಪಿಂದೋ ಸಕ್ಕರೆದೋ ಅಂತಲೂ ಬರೆದಿಡಿ. ಬರೀದೆ ಹೋದ್ರೆ ಏನಾಗುತ್ತೆ ಅಂತ ಉಪ್ಪಿನ ಕೇಕ್ ತಿಂದೋರನ್ನ ಕೇಳಿ, ನಮ್ಮನೇಲೇ ನಾಲ್ಕು ಜನ ಇದ್ದೀವಿ. ಒಂದು ವರ್ಷದವರೆಗೆ ಇಡಬಹುದು.

ಬರೀ ಬಿಳಿ ಭಾಗ ಇಡೋದು ಎಲ್ಲಕ್ಕಿಂತ ಸುಲಭ, ಏನೂ ಸೇರಿಸೋದೇ ಬೇಡ. ಬೇಬಿಂಕಾ ಮಾಡೋ ಗೋವಾದ ಮನೆಗಳಲ್ಲಿ ಹಳದಿ ಎಲ್ಲ ಆ ಪದರ ಪದರದ ಸಿಹಿಗೆ ಹೋಗಿ ಬಿಳಿ ರಾಶಿ ಉಳಿಯುತ್ತಲ್ಲ, ಅದನ್ನ ಹೀಗೆ ಇಡಬಹುದು. ಬೇಯಿಸಿದ ಮೊಟ್ಟೆ ಮಾತ್ರ ಫ್ರೀಜರಿಗೆ ಬೇಡ, ಬಿಳಿ ಭಾಗ ರಬ್ಬರಾಗಿ ನೀರು ಬಿಡುತ್ತೆ. ಅಪಾಯ ಅಂತಲ್ಲ, ತಿನ್ನೋಕಾಗಲ್ಲ.

ಗೂಡಲ್ಲೇ ಹೆಪ್ಪುಗಟ್ಟೋ ಊರುಗಳು

ಕೆನಡಾದಲ್ಲೋ ಅಮೆರಿಕಾದ ಉತ್ತರದ ಕಡೆಯೋ ಇರೋ ನೆಂಟರು ಇದೇ ಪ್ರಶ್ನೆ ಬೇರೆ ಥರ ಕೇಳ್ತಾರೆ. ಅಲ್ಲಿ ಜನವರಿಯಲ್ಲಿ ಹಿತ್ತಲ ಗೂಡಲ್ಲಿ ಇಟ್ಟ ಮೊಟ್ಟೆ ಮಧ್ಯಾಹ್ನದೊಳಗೆ ತಾನೇ ಕಲ್ಲಾಗಿ ಸೀಳಿರುತ್ತೆ, ನಮ್ಮಲ್ಲಿ ಲಡಾಖಿನ ಚಳಿಗೂ ಅದೇ ಗತಿ. ನಿಯಮ ಬದಲಾಗಲ್ಲ, ಸೀಳಿದ್ದು ಬೇಡ, ಇಡಿ ಇದ್ದಿದ್ದು ಫ್ರಿಜ್ಜಿಗೆ ಹಾಕಿ ಬೇಗ ಬಳಸಿ. ಅವರು ದಿನಕ್ಕೆ ಎರಡು ಮೂರು ಸಲ ಗೂಡಿಗೆ ಹೋಗಿ ಮೊಟ್ಟೆ ಎತ್ತುತ್ತಾರೆ, ಅದೇ ದೊಡ್ಡ ಉಪಾಯ. ನಮ್ಮ ಮನೆಗಳಲ್ಲಿ ಇದರ ಚಿಕ್ಕ ತಮ್ಮ ಅಂದ್ರೆ, ಸಿಂಗಲ್ ಡೋರ್ ಫ್ರಿಜ್ಜಲ್ಲಿ ಐಸ್ ಖಾನೆಯ ಕೆಳಗೆ ಹಿಂದಿನ ಗೋಡೆಗೆ ತಾಗಿಸಿ ಇಟ್ಟ ಮೊಟ್ಟೆ ತಾನಾಗೇ ಹೆಪ್ಪುಗಟ್ಟೋದು. ಮೊಟ್ಟೆ ಅಲ್ಲಿಂದ ಈಚೆ ಸರಿಸಿ.

ಅಸಲಿಗೆ ಫ್ರೀಜರ್ ಬೇಕಿತ್ತಾ?

ಇದನ್ನ ಅಕ್ಕಾರಿಗೆ ಹೇಳಿದಾಗ ಅವರು ಹಣೆ ಬಡ್ಕೊಂಡ್ರು. ತೊಳೆಯದ, ಚೊಕ್ಕ ಮೊಟ್ಟೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, 4 ಡಿಗ್ರಿ ಹತ್ತಿರ, ಮೂರರಿಂದ ಐದು ವಾರ ಆರಾಮಾಗಿ ಇರುತ್ತೆ. ಶ್ರಾವಣ ಹೆಚ್ಚು ಅಂದ್ರೆ 30 ದಿನ, ಅದರ ಮೇಲೆ ಭಾದ್ರಪದದ ನಾಲ್ಕನೇ ದಿನಕ್ಕೆ ಚೌತಿ, ಒಂದೂವರೆ ದಿನದ ಗಣಪತಿ. ಐದು ವಾರ ಅಂದ್ರೆ 35 ದಿನ. ಮೊದಲ ವಾರದ ಮೊಟ್ಟೆಗಳು ಅಂಚಿಗೆ ಬರ್ತವೆ, ಅವನ್ನ ಶ್ರಾವಣ ಮಾಡದ ಮನೆಗೆ ಕೊಟ್ಟುಬಿಟ್ರೆ ಉಳಿದಿದ್ದು ಫ್ರಿಜ್ಜಲ್ಲೇ ಸಲೀಸಾಗಿ ಹಬ್ಬ ದಾಟ್ತಿತ್ತು. ಬಾಗಿಲಿನ ಟ್ರೇಯಲ್ಲಿ ಬೇಡ, ಪ್ರತಿ ಸಲ ತೆಗೆದಾಗ ಅಲ್ಲಿ ಬಿಸಿ ಗಾಳಿ ತಾಗುತ್ತೆ. ಒಳಗಿನ ಕಪಾಟಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿಡಿ, ಮೇಲೆ ಪೆನ್ಸಿಲಿನಿಂದ ತಾರೀಖು ಬರೀರಿ. ಒಮ್ಮೆ ಫ್ರಿಜ್ಜಿಗೆ ಹೋಗಿದ್ದನ್ನ ಹೊರಗೆ ತೆಗೆದು ಬೆವರು ಬರಿಸಿ ಮತ್ತೆ ಒಳಗಿಡೋ ಆಟ ಆಡಬೇಡಿ.

ನೀರಲ್ಲಿ ಹಾಕಿದಾಗ ಮುಳುಗಿದ್ರೆ ಒಳ್ಳೇದು, ತೇಲಿದ್ರೆ ಕೆಟ್ಟದ್ದು ಅನ್ನೋ ಪರೀಕ್ಷೆ ಎಲ್ಲರಿಗೂ ಗೊತ್ತು. ಅದು ಗಾಳಿಚೀಲ ಎಷ್ಟು ದೊಡ್ಡದಾಗಿದೆ, ಅಂದ್ರೆ ಮೊಟ್ಟೆಗೆ ಎಷ್ಟು ವಯಸ್ಸಾಗಿದೆ ಅಂತ ಮಾತ್ರ ಹೇಳುತ್ತೆ. ಸಾಲ್ಮೊನೆಲ್ಲಾ ಇರೋ ತಾಜಾ ಮೊಟ್ಟೆಯೂ ಚೆನ್ನಾಗೇ ಮುಳುಗುತ್ತೆ.

ಆ ಸೀಳಿದ 11ನ್ನ ಕೋಳಿಗೇ ಹಾಕ್ಲಾ ಅಂತ ಅಕ್ಕಾರು ಕೊನೆಗೆ ಕೇಳಿದ್ರು. ಬೇಯಿಸದೆ ಹಸಿಯಾಗೇ ಹಾಕಿದ್ರೆ ಕೋಳಿಗೆ ಮೊಟ್ಟೆ ರುಚಿ ಹತ್ತಿ ತಾನು ಇಟ್ಟಿದ್ದನ್ನ ತಾನೇ ಕುಕ್ಕಿ ತಿನ್ನೋ ಚಾಳಿ ಬೀಳುತ್ತೆ, ಆ ಚಾಳಿ ಬಿಡಿಸೋದು ಬಹಳ ಕಷ್ಟ. ಅದಕ್ಕೆ ತೆಂಗಿನ ಮರದ ಬುಡದಲ್ಲಿ ಮೊಣಕೈ ಆಳ ಗುಂಡಿ ತೋಡಿ ಹೂತು, ನಾಯಿ ಕೆದರಬಾರದು ಅಂತ ಮೇಲೊಂದು ಕೆಂಪು ಜಂಬಿಟ್ಟಿಗೆ ಕಲ್ಲು ಇಟ್ರು. ಉಳಿದ 15ರಲ್ಲಿ ಎರಡು ಕರಗುವಾಗ ಸೋರಿದ್ವು, 13 ಬುರ್ಜಿ ಆಯ್ತು, ಪಾವ್ ಜೊತೆ.